ಸಂಸ್ಕೃತಿಯ ಪರವಾಗಿ ಮಾತನಾಡುವವರು ಯಾರು?

ಪಶ್ಚಿಮ ಆಫ್ರಿಕಾದ ಪುಟ್ಟ ದೇಶ ಗ್ಯಾಂಬಿಯಾದ ಸಂಸತ್ತು 2024ರ ಜುಲೈ 15ರಂದು ಒಂದು ಮಸೂದೆಯನ್ನು ತಿರಸ್ಕರಿಸಿತು. ಹೆಣ್ಣುಮಕ್ಕಳ ಜನನಾಂಗ ಛೇದನವನ್ನು ಅಪರಾಧವೆಂದು ಸಾರಿದ್ದ 2015ರ ಕಾನೂನನ್ನು ತೆಗೆದುಹಾಕಬೇಕೆಂಬುದು ಆ ಮಸೂದೆಯ ಉದ್ದೇಶವಾಗಿತ್ತು. ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 73ರಷ್ಟು ಮಂದಿ ಈ ಛೇದನಕ್ಕೆ ಒಳಗಾದವರು. ಅವರಲ್ಲಿ ಹೆಚ್ಚಿನವರಿಗೆ ಅದು ನಡೆದದ್ದು ಐದು ವರ್ಷ ತುಂಬುವ ಮೊದಲೇ. 2023ರಲ್ಲಿ ಈ ಕಾನೂನಿನಡಿ ಮೊದಲ ಬಾರಿಗೆ ಮೂವರು ಮಹಿಳೆಯರಿಗೆ ಶಿಕ್ಷೆಯಾದಾಗ ಅಲ್ಲಿಯವರೆಗೆ ಕಾಗದದ ಮೇಲಷ್ಟೇ ಇದ್ದ ನಿಷೇಧ ಒಮ್ಮೆಲೇ ಜನರ ಮನೆಬಾಗಿಲಿಗೆ ಬಂದಂತಾಯಿತು, ಅದರ ಬೆನ್ನಿಗೇ ಮಸೂದೆಯೂ ಬಂತು. ನಮ್ಮ ಧರ್ಮ ಮತ್ತು ಸಂಸ್ಕೃತಿಯನ್ನು ಆಚರಿಸುವ ಹಕ್ಕನ್ನು ಈ ನಿಷೇಧ ಕಸಿಯುತ್ತದೆ ಎಂದು ಮಸೂದೆಯ ಪರವಾಗಿದ್ದವರು ವಾದಿಸಿದರು. ನಮ್ಮ ದೇಹದ ಮೇಲಿನ ಹಕ್ಕನ್ನು ಆ ಆಚರಣೆ ಕಸಿಯುತ್ತದೆ ಎಂದು ವಿರೋಧಿಸಿದವರು ಉತ್ತರಿಸಿದರು. ಹೀಗೆ ಎರಡೂ ಕಡೆಯವರ ಬಾಯಲ್ಲಿ ಇದ್ದದ್ದು ಹಕ್ಕಿನ ಮಾತೇ. ಇದನ್ನು ಇತ್ಯರ್ಥ ಮಾಡಲು ಕುಳಿತ ಸದನದಲ್ಲಿ ಒಟ್ಟು 58 ಸದಸ್ಯರು. ಅವರಲ್ಲಿ ಹೆಂಗಸರು ಐವರು.

ಮಾನವ ಹಕ್ಕುಗಳು ಎಲ್ಲ ಸಂಸ್ಕೃತಿಗಳಿಗೂ ಅನ್ವಯಿಸುತ್ತವೆಯೇ ಎಂಬ ಚರ್ಚೆಯನ್ನು ಸಾಮಾನ್ಯವಾಗಿ ಎರಡು ಪ್ರಪಂಚಗಳ ನಡುವಿನ ಹಗ್ಗಜಗ್ಗಾಟದಂತೆ ಚಿತ್ರಿಸಲಾಗುತ್ತದೆ. ಒಂದು ತುದಿಯಲ್ಲಿ ವಿಶ್ವಸಂಸ್ಥೆ, ಪಾಶ್ಚಾತ್ಯ ಸರ್ಕಾರಗಳು, ಸ್ವಯಂಸೇವಾ ಸಂಸ್ಥೆಗಳು. ಇನ್ನೊಂದು ತುದಿಯಲ್ಲಿ ತಮ್ಮ ನಂಬಿಕೆಗಳೊಂದಿಗೆ ಬದುಕುತ್ತಿರುವ ಸಮುದಾಯಗಳು. ಗ್ಯಾಂಬಿಯಾದ ಆ ದಿನವನ್ನು ಈ ಚಿತ್ರದೊಳಗೆ ಕೂರಿಸಲು ಹೋದರೆ ಅದು ಕೂರುವುದಿಲ್ಲ. ಮಸೂದೆಯನ್ನು ವಿರೋಧಿಸಿದ ಮಹಿಳೆಯರೂ ಗ್ಯಾಂಬಿಯಾದವರೇ, ಅವರಲ್ಲಿ ಹೆಚ್ಚಿನವರು ಅದೇ ಧರ್ಮದವರು, ಅದೇ ಊರುಗಳವರು, ಎಷ್ಟೋ ಸಲ ಅದೇ ಮನೆಗಳವರು. ಹಾಗಿರುವಾಗ ಗ್ಯಾಂಬಿಯಾದ ಸಂಸ್ಕೃತಿ ಏನನ್ನು ಬಯಸುತ್ತದೆ ಎಂದು ಕೇಳುವ ಮೊದಲು, ಅದರ ಪರವಾಗಿ ಮಾತನಾಡುವ ಅಧಿಕಾರ ಯಾರಿಗಿದೆ, ಆ ಅಧಿಕಾರ ಅವರ ಕೈಗೆ ಹೇಗೆ ಬಂತು ಎಂದು ಕೇಳಬೇಕಾಗುತ್ತದೆ. ಸಾರ್ವತ್ರಿಕ ಹಕ್ಕುಗಳ ನೈತಿಕ ವ್ಯಾಪ್ತಿ ಎಲ್ಲಿಯವರೆಗೆ ಎಂಬ ಪ್ರಶ್ನೆಗೆ ಉತ್ತರವನ್ನು ಇಲ್ಲಿಂದಲೇ ಹುಡುಕಬೇಕು ಎಂಬುದು ಈ ಲೇಖನದ ವಾದ.

ಈ ವಿಷಯದ ಜಗಳಗಳಲ್ಲಿ ಬಹುಪಾಲು ಹುಟ್ಟುವುದು ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಗಂಟಿನಲ್ಲಿ ಕಟ್ಟುವುದರಿಂದ. ಒಂದು ಹಕ್ಕು ಎಲ್ಲ ಮನುಷ್ಯರಿಗೂ ಸಲ್ಲುತ್ತದೆಯೇ ಎಂಬುದು ಒಂದು ಪ್ರಶ್ನೆ. ಅದು ಏಕೆ ಸಲ್ಲುತ್ತದೆ ಎಂಬುದಕ್ಕೆ ಎಲ್ಲರೂ ಒಂದೇ ಕಾರಣವನ್ನು ಒಪ್ಪಬೇಕೇ ಎಂಬುದು ಎರಡನೆಯದು. ಅದನ್ನು ಉಲ್ಲಂಘಿಸಿದವರ ಮೇಲೆ ಕ್ರಮ ಕೈಗೊಳ್ಳುವ ಅಧಿಕಾರ ಯಾರಿಗಿದೆ ಎಂಬುದು ಮೂರನೆಯದು. ಮೊದಲ ಪ್ರಶ್ನೆಗೆ ಹೌದು ಎಂದವರು ಉಳಿದೆರಡಕ್ಕೂ ಪಾಶ್ಚಾತ್ಯ ಉತ್ತರವನ್ನೇ ಒಪ್ಪಿದ್ದಾರೆ ಎಂದು ವಿರೋಧಿಗಳು ಭಾವಿಸುತ್ತಾರೆ. ಅತ್ತ, ಮೂರನೆಯ ಪ್ರಶ್ನೆಯಲ್ಲಿ ಅನುಮಾನ ತೋರಿದವರನ್ನು ಮೊದಲನೆಯದನ್ನೇ ನಿರಾಕರಿಸುವವರೆಂದು ಹಕ್ಕುವಾದಿಗಳು ದೂರುತ್ತಾರೆ. ಚಿತ್ರಹಿಂಸೆ ಎಲ್ಲೆಡೆಯೂ ತಪ್ಪು ಎಂದು ದೃಢವಾಗಿ ನಂಬುವ ವ್ಯಕ್ತಿಯೊಬ್ಬರು, ಅದಕ್ಕೆ ತಮ್ಮ ಧರ್ಮಗ್ರಂಥದಿಂದ ಕಾರಣ ಕೊಡಬಹುದು; ಜೊತೆಗೇ, ಚಿತ್ರಹಿಂಸೆಯ ನೆಪದಲ್ಲಿ ಒಂದು ದೇಶ ಇನ್ನೊಂದರ ಮೇಲೆ ಬಾಂಬು ಹಾಕುವುದನ್ನು ಖಂಡಿಸಬಹುದು. ಇದರಲ್ಲಿ ಯಾವ ವಿರೋಧಾಭಾಸವೂ ಇಲ್ಲ.

ಎರಡನೆಯ ಪ್ರಶ್ನೆ ಹೊಸದೇನಲ್ಲ. ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಕರಡು ಸಿದ್ಧವಾಗುತ್ತಿದ್ದ 1947ರಲ್ಲೇ ಯುನೆಸ್ಕೊ ಸಂಸ್ಥೆ ಜಗತ್ತಿನ ಚಿಂತಕರಿಗೆ ಪತ್ರ ಬರೆದು, ಹಕ್ಕುಗಳ ತಾತ್ವಿಕ ನೆಲೆ ಯಾವುದೆಂದು ಕೇಳಿತ್ತು. ಅಕ್ಷರ ಬಾರದಿದ್ದರೂ ವಿವೇಕಿಯಾಗಿದ್ದ ತಮ್ಮ ತಾಯಿಯಿಂದ, ಕರ್ತವ್ಯವನ್ನು ಚೆನ್ನಾಗಿ ಮಾಡಿದಾಗಲೇ ಹಕ್ಕು ಸಿಗುತ್ತದೆ ಎಂಬುದನ್ನು ಕಲಿತೆನೆಂದು ಗಾಂಧೀಜಿ ಚುಟುಕಾಗಿ ಉತ್ತರಿಸಿದರು. ಉತ್ತರಗಳು ನಾನಾ ದಿಕ್ಕಿನಲ್ಲಿದ್ದವು, ಹಕ್ಕುಗಳ ಪಟ್ಟಿಯ ವಿಷಯದಲ್ಲಿ ಮಾತ್ರ ಅಚ್ಚರಿಯ ಹೊಂದಾಣಿಕೆ ಕಂಡಿತು. ಈ ಕೆಲಸದಲ್ಲಿ ತೊಡಗಿದ್ದ ಫ್ರಾನ್ಸಿನ ತತ್ವಜ್ಞಾನಿ ಜಾಕ್ ಮಾರಿತೇನ್ ಒಂದು ಪ್ರಸಂಗವನ್ನು ದಾಖಲಿಸಿದ್ದಾರೆ: ಪರಸ್ಪರ ಕಡುವಿರೋಧಿ ಸಿದ್ಧಾಂತಗಳವರು ಒಂದೇ ಪಟ್ಟಿಗೆ ಹೇಗೆ ಒಪ್ಪಿದಿರಿ ಎಂದು ಯಾರೋ ಕೇಳಿದಾಗ, ಹಕ್ಕುಗಳಿಗೇನೋ ಒಪ್ಪುತ್ತೇವೆ, ಏಕೆ ಎಂದು ಮಾತ್ರ ನಮ್ಮನ್ನು ಯಾರೂ ಕೇಳಬಾರದು ಎಂಬ ಉತ್ತರ ಬಂತಂತೆ. ಇದನ್ನು ತಪ್ಪಿಸಿಕೊಳ್ಳುವ ಮಾತೆಂದು ನಗುವವರಿದ್ದಾರೆ. ನನಗೆ ಇದು ಜಾಣತನವಾಗಿ ಕಾಣುತ್ತದೆ. ಅಡಿಪಾಯದ ಕಲ್ಲು ಎಲ್ಲಿಂದ ಬಂತೆಂಬ ಜಗಳ ತೀರುವವರೆಗೆ ಮನೆಗೆ ಚಾವಣಿ ಹಾಕುವುದಿಲ್ಲ ಎಂದು ಕುಳಿತರೆ ಮಳೆಯಲ್ಲಿ ನೆನೆಯುವವರು ಆ ಜಗಳದಲ್ಲಿ ಪಾಲಿಲ್ಲದವರು.

ಘೋಷಣೆ ಪಾಶ್ಚಾತ್ಯರ ಕೂಸು ಎಂಬ ಆಪಾದನೆಯಲ್ಲಿ ಎಷ್ಟು ಹುರುಳಿದೆ ಎಂಬುದನ್ನು ಇಲ್ಲಿ ನಿಷ್ಠುರವಾಗಿ ನೋಡಬೇಕು. 1948ರ ಡಿಸೆಂಬರ್ 10ರಂದು ಪ್ಯಾರಿಸ್‌ನಲ್ಲಿ ಮತಕ್ಕೆ ಹಾಕಿದಾಗ 48 ದೇಶಗಳು ಪರವಾಗಿ ನಿಂತವು, ವಿರೋಧವಾಗಿ ಒಂದೂ ಇರಲಿಲ್ಲ, ಎಂಟು ದೇಶಗಳು ತಟಸ್ಥವಾಗಿದ್ದವು. ಆ ಎಂಟರಲ್ಲಿ ಆರು ಸೋವಿಯತ್ ಒಕ್ಕೂಟ ಮತ್ತು ಪೂರ್ವ ಯುರೋಪಿನ ಕಮ್ಯುನಿಸ್ಟ್ ದೇಶಗಳು; ಉಳಿದೆರಡು ಸೌದಿ ಅರೇಬಿಯಾ ಮತ್ತು ದಕ್ಷಿಣ ಆಫ್ರಿಕಾ. ಅದೇ ವರ್ಷ ವರ್ಣಭೇದ ನೀತಿಯ ಸರ್ಕಾರವನ್ನು ಅಧಿಕಾರಕ್ಕೆ ತಂದಿದ್ದ ದಕ್ಷಿಣ ಆಫ್ರಿಕಾದ ಆಕ್ಷೇಪ ಯಾವ ಪೌರ್ವಾತ್ಯ ಸಂಸ್ಕೃತಿಯದೂ ಆಗಿರಲಿಲ್ಲವೆಂದು ಬೇರೆ ಹೇಳಬೇಕಿಲ್ಲ. ಕರಡು ರಚನೆಯಲ್ಲಿ ಲೆಬನಾನಿನ ಚಾರ್ಲ್ಸ್ ಮಲಿಕ್ ಮತ್ತು ಚೀನಾದ ಪಿ.ಸಿ. ಚಾಂಗ್ ಅವರ ಪಾತ್ರ ದೊಡ್ಡದು. ಮೊದಲ ವಿಧಿಯಲ್ಲಿ ಮನುಷ್ಯರಿಗೆ ವಿವೇಚನೆಯಿದೆ ಎಂದಷ್ಟೇ ಇದ್ದಾಗ, ಅದು ಸಾಲದೆಂದು ಚಾಂಗ್ ಕನ್‌ಫ್ಯೂಷಿಯಸ್ ಪರಂಪರೆಯ 'ರೆನ್' ಎಂಬ ಕಲ್ಪನೆಯನ್ನು ಸಭೆಯ ಮುಂದಿಟ್ಟರು. ಒಬ್ಬ ಇನ್ನೊಬ್ಬನನ್ನು ತನ್ನ ಮನಸ್ಸಿನೊಳಗೆ ಇಟ್ಟುಕೊಳ್ಳುವ ಗುಣವದು. ಅದೇ ಇಂದಿನ ಪಠ್ಯದಲ್ಲಿ 'ಆತ್ಮಸಾಕ್ಷಿ' ಎಂಬ ಪದವಾಗಿ ಉಳಿದಿದೆ. ಮೂಲದ ಅರ್ಥದ ಅರ್ಧಕ್ಕಿಂತ ಹೆಚ್ಚು ದಾರಿಯಲ್ಲೇ ಸೋರಿಹೋಗಿದೆ ಎಂಬುದೂ ನಿಜ. ಅದೇ ವಿಧಿಯಲ್ಲಿ 'ಎಲ್ಲ ಪುರುಷರೂ' ಎಂಬ ಅರ್ಥ ಬರುವಂತಿದ್ದ ಪದವನ್ನು 'ಎಲ್ಲ ಮಾನವರೂ' ಎಂದು ಬದಲಿಸಬೇಕೆಂದು ಪಟ್ಟು ಹಿಡಿದವರು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ. ಧರ್ಮವನ್ನು ಬದಲಾಯಿಸುವ ಸ್ವಾತಂತ್ರ್ಯ ಇಸ್ಲಾಮಿಗೆ ಒಗ್ಗದೆಂದು ಸೌದಿ ಪ್ರತಿನಿಧಿ ವಾದಿಸಿದಾಗ, ಕುರಾನನ್ನೇ ಆಧಾರವಾಗಿಟ್ಟು ಆ ಸ್ವಾತಂತ್ರ್ಯವನ್ನು ಸಮರ್ಥಿಸಿದವರು ಪಾಕಿಸ್ತಾನದ ವಿದೇಶಾಂಗ ಸಚಿವ ಜಫ್ರುಲ್ಲಾ ಖಾನ್. ಒಂದೇ ಧರ್ಮದ ಹೆಸರಿನಲ್ಲಿ ಎರಡು ಉತ್ತರಗಳು ಒಂದೇ ಸಭೆಯಲ್ಲಿ ಬಂದವು.

ಇಷ್ಟೆಲ್ಲ ಹೇಳಿದ ಮೇಲೂ ಆಪಾದನೆ ಪೂರ್ತಿ ಅಳಿಸಿಹೋಗುವುದಿಲ್ಲ. ಆಗ ವಿಶ್ವಸಂಸ್ಥೆಯಲ್ಲಿ ಇದ್ದದ್ದು 58 ದೇಶಗಳು. ಆಫ್ರಿಕಾದ ಬಹುಭಾಗ ಮತ್ತು ಏಷ್ಯಾದ ಹಲವು ದೇಶಗಳು ಇನ್ನೂ ಪರರ ಆಳ್ವಿಕೆಯಲ್ಲಿದ್ದವು, ಅಲ್ಲಿನವರನ್ನು ಯಾರೂ ಕೇಳಲಿಲ್ಲ. ಅಮೆರಿಕದ ಮಾನವಶಾಸ್ತ್ರಜ್ಞರ ಸಂಘ 1947ರಲ್ಲೇ ಎಚ್ಚರಿಕೆಯ ಹೇಳಿಕೆಯೊಂದನ್ನು ಹೊರಡಿಸಿ, ಒಂದು ಸಂಸ್ಕೃತಿಯ ಮೌಲ್ಯಗಳಿಂದ ಹುಟ್ಟಿದ ಘೋಷಣೆ ಇಡೀ ಮನುಕುಲಕ್ಕೆ ಹೇಗೆ ಅನ್ವಯಿಸೀತು ಎಂದು ಕೇಳಿತ್ತು. ಮೆಲ್ವಿಲ್ ಹರ್ಸ್ಕೊವಿಟ್ಸ್ ಮುಖ್ಯವಾಗಿ ರೂಪಿಸಿದ ಆ ಹೇಳಿಕೆಯ ಹಿಂದಿನ ಕಾಳಜಿ ಪ್ರಾಮಾಣಿಕವಾದದ್ದು: ನಾಗರಿಕತೆಯನ್ನು ಕಲಿಸುವ ಹೆಸರಿನಲ್ಲಿ ವಸಾಹತುಶಾಹಿ ಎಸಗಿದ ಕ್ರೌರ್ಯವನ್ನು ಕಣ್ಣಾರೆ ಕಂಡಿದ್ದ ಶಾಸ್ತ್ರವದು. ಆದರೆ ಆ ವಾದವನ್ನು ಮೊದಲು ಬಳಸಿಕೊಂಡವರು ಯಾರು ಎಂಬುದನ್ನು ನೋಡಿದರೆ ಬೇಸರವಾಗುತ್ತದೆ. ಹಕ್ಕುಗಳಿಗೆ ಕಾನೂನಿನ ಬಲ ಕೊಡುವ ಒಡಂಬಡಿಕೆಯ ಚರ್ಚೆ 1950ರಲ್ಲಿ ನಡೆದಾಗ, ಅದು ತಮ್ಮ ವಸಾಹತುಗಳಿಗೆ ತಾನಾಗಿ ಅನ್ವಯಿಸಬಾರದೆಂದು ಬೇಡಿಕೆಯಿಟ್ಟವು ಬ್ರಿಟನ್, ಫ್ರಾನ್ಸ್ ಮತ್ತು ಬೆಲ್ಜಿಯಂ. ಅಲ್ಲಿನ ಜನ ನಾಗರಿಕತೆಯ ಬೇರೆ ಹಂತದಲ್ಲಿದ್ದಾರೆ, ಅವರ ಪದ್ಧತಿಗಳು ಬೇರೆ ಎಂಬುದು ಕೊಟ್ಟ ಕಾರಣಗಳಲ್ಲೊಂದು. ಅಂದರೆ 'ಅವರ ಸಂಸ್ಕೃತಿ ಬೇರೆ' ಎಂಬ ಮಾತನ್ನು ವಿಶ್ವಸಂಸ್ಥೆಯ ಅಂಗಳದಲ್ಲಿ ಹಕ್ಕನ್ನು ತಡೆಯುವ ಅಡ್ಡಗಟ್ಟೆಯಾಗಿ ಬಳಸಿದವರು ಆಳುವವರು. ಸಾರ್ವತ್ರಿಕತೆ ಬೇಕೆಂದು ಹಟ ಹಿಡಿದು ಅವರನ್ನು ಸೋಲಿಸಿದವರಲ್ಲಿ ಹೊಸದಾಗಿ ಸ್ವತಂತ್ರವಾದ ಮತ್ತು ಅರಬ್ ದೇಶಗಳೇ ಮುಂದಿದ್ದವು. ಹರ್ಸ್ಕೊವಿಟ್ಸ್ ಅವರ ಸಂಘವೂ ಅರ್ಧ ಶತಮಾನದ ನಂತರ, 1999ರಲ್ಲಿ, ಮಾನವ ಹಕ್ಕುಗಳನ್ನು ಬೆಂಬಲಿಸುವ ಹೊಸ ಘೋಷಣೆಯನ್ನು ಒಪ್ಪಿತು.

ಒಂದು ಭಾಷೆಯಲ್ಲಿ 'ಹಕ್ಕು' ಎಂಬುದಕ್ಕೆ ಸ್ವಂತ ಪದವೇ ಇಲ್ಲದಿದ್ದರೆ ಆ ಕಲ್ಪನೆ ಆ ಜನರಿಗೆ ಪರಕೀಯ ಎಂಬ ವಾದವೂ ಆಗಾಗ ಕೇಳಿಬರುತ್ತದೆ. ಇದನ್ನು ಓದುತ್ತಿರುವ ಭಾಷೆಯನ್ನೇ ನೋಡಿ. ನಮ್ಮ 'ಹಕ್ಕು' ಅರಬ್ಬಿಯ 'ಹಕ್'ನಿಂದ ಬಂದದ್ದು; ಅಲ್ಲಿ ಅದಕ್ಕೆ ಸತ್ಯ ಎಂಬ ಅರ್ಥವೂ ಉಂಟು. ಹಿಂದಿಯವರು ಹಕ್ಕಿಗೆ 'ಅಧಿಕಾರ' ಎನ್ನುತ್ತಾರೆ. ಅದೇ ಪದ ಕನ್ನಡದಲ್ಲಿ ಆಳುವವರ ಕೈಯಲ್ಲಿರುವ ವಸ್ತುವಿನ ಹೆಸರು, ಹಕ್ಕು ಕೇಳುವವರು ಎದುರಿಸಬೇಕಾದ ವಸ್ತುವಿನ ಹೆಸರು. ಪದ ಎಲ್ಲಿಂದಲೋ ಬಂದಿರಬಹುದು. ಕೂಲಿ ತಡೆಹಿಡಿದವನ ಎದುರು ನಿಂತು 'ಅದು ನನ್ನ ಹಕ್ಕು' ಎನ್ನುವ ಕನ್ನಡಿಗರು ಯಾರೂ ತಾವು ಅರಬ್ಬಿ ಮಾತನಾಡುತ್ತಿದ್ದೇವೆಂದು ತಡವರಿಸುವುದಿಲ್ಲ.

1990ರ ದಶಕದಲ್ಲಿ ಇದೇ ಚರ್ಚೆ 'ಏಷ್ಯಾದ ಮೌಲ್ಯಗಳು' ಎಂಬ ಹೆಸರಿನಲ್ಲಿ ಮರಳಿ ಬಂತು. ಸಿಂಗಪುರದ ಲೀ ಕುವಾನ್ ಯೂ ಮತ್ತು ಮಲೇಷ್ಯಾದ ಮಹಾತಿರ್ ಮೊಹಮದ್, ಏಷ್ಯಾದ ಜನ ವ್ಯಕ್ತಿಗಿಂತ ಕುಟುಂಬ ಮತ್ತು ಸಮಾಜಕ್ಕೆ, ಸ್ವಾತಂತ್ರ್ಯಕ್ಕಿಂತ ಶಿಸ್ತಿಗೆ ಬೆಲೆ ಕೊಡುತ್ತಾರೆಂದು ವಾದಿಸಿದರು. 1994ರಲ್ಲಿ ಲೀ ಅವರಿಗೆ ಲಿಖಿತವಾಗಿ ಉತ್ತರ ಕೊಟ್ಟವರು ದಕ್ಷಿಣ ಕೊರಿಯಾದ ಕಿಮ್ ಡೇ-ಜುಂಗ್. 1980ರಲ್ಲಿ ತಮ್ಮದೇ ದೇಶದ ಸೇನಾ ಆಡಳಿತದಿಂದ ಮರಣದಂಡನೆಗೆ ಗುರಿಯಾಗಿ ಬದುಕುಳಿದಿದ್ದ, ಮುಂದೆ ಅದೇ ದೇಶದ ಅಧ್ಯಕ್ಷರಾದ ಕಿಮ್, ಜನರ ಮಾತೇ ದೈವದ ಮಾತೆಂಬ ವಿಚಾರಕ್ಕೆ ಕೊರಿಯಾ ಮತ್ತು ಚೀನಾದ ಪರಂಪರೆಗಳಲ್ಲೇ ಬೇರುಗಳಿವೆ ಎಂದು ತೋರಿಸಿದರು. ಏಷ್ಯಾದ ಹೆಸರಿನಲ್ಲಿ ಮಾತನಾಡುವ ಅರ್ಹತೆ ಸಿಂಗಪುರದ ಪ್ರಧಾನಿಯಾಗಿದ್ದವರಿಗೆ ಎಷ್ಟಿತ್ತೋ ಸೋಲ್ ಸೆರೆಮನೆಯ ಕೈದಿಯಾಗಿದ್ದವರಿಗೂ ಅಷ್ಟೇ ಇತ್ತು. 1993ರ ಜೂನ್‌ನಲ್ಲಿ ವಿಯೆನ್ನಾದಲ್ಲಿ ಸೇರಿದ್ದ 171 ದೇಶಗಳು ಒಮ್ಮತದಿಂದ ಒಪ್ಪಿದ ಘೋಷಣೆ ಈ ವಿವಾದಕ್ಕೆ ರಾಜತಾಂತ್ರಿಕ ತೇಪೆ ಹಾಕಿತು: ದೇಶ, ಧರ್ಮ, ಇತಿಹಾಸಗಳ ವಿಶಿಷ್ಟತೆಯನ್ನು ಗಮನದಲ್ಲಿಟ್ಟುಕೊಳ್ಳಬೇಕು, ಆದರೆ ವ್ಯವಸ್ಥೆ ಯಾವುದೇ ಇರಲಿ, ಎಲ್ಲ ಹಕ್ಕುಗಳನ್ನೂ ಕಾಪಾಡುವುದು ಪ್ರತಿ ದೇಶದ ಕರ್ತವ್ಯ.

ಸಂಸ್ಕೃತಿಯ ನೆಪ ಪೂರ್ವ ದೇಶಗಳ ಸ್ವತ್ತು ಎಂದು ಭಾವಿಸುವವರು ಸ್ವಿಟ್ಜರ್ಲೆಂಡಿನ ಅಪೆನ್‌ಜೆಲ್ ಇನ್ನರ್‌ರೋಡನ್ ಎಂಬ ಪುಟ್ಟ ಪ್ರಾಂತ್ಯವನ್ನು ನೋಡಬೇಕು. ವರ್ಷಕ್ಕೊಮ್ಮೆ ಏಪ್ರಿಲ್ ಕೊನೆಯ ಭಾನುವಾರ ಮತದಾರರೆಲ್ಲ ಬಯಲಿನಲ್ಲಿ ಸೇರಿ ಕೈ ಎತ್ತಿ ಕಾನೂನುಗಳನ್ನು ನಿರ್ಧರಿಸುವ ಶತಮಾನಗಳ ಪದ್ಧತಿ ಅಲ್ಲಿದೆ. ಗಂಡಸರು ಸೊಂಟಕ್ಕೆ ಕಟ್ಟಿಕೊಂಡು ಬರುವ ಕಿರುಗತ್ತಿಯೇ ಅವರ ಮತದಾನದ ಗುರುತುಚೀಟಿ. ಸ್ವಿಟ್ಜರ್ಲೆಂಡ್ ಒಟ್ಟಾರೆಯಾಗಿ ಹೆಂಗಸರಿಗೆ ಮತಾಧಿಕಾರ ಕೊಟ್ಟದ್ದೇ 1971ರಲ್ಲಿ. ಪ್ರಾಂತ್ಯದ ಮಟ್ಟದಲ್ಲಿ ಅದನ್ನು ಕೊಡಬೇಕೆ ಎಂಬ ಪ್ರಶ್ನೆ 1990ರ ಏಪ್ರಿಲ್‌ನಲ್ಲಿ ಬಂದಾಗ ಅಪೆನ್‌ಜೆಲ್‌ನ ಬಯಲಿನಲ್ಲಿ ಕತ್ತಿ ಹಿಡಿದು ನಿಂತ ಗಂಡಸರು ಮತ್ತೆ ಬೇಡವೆಂದರು. ಅದೇ ನವೆಂಬರ್‌ನಲ್ಲಿ ದೇಶದ ಸುಪ್ರೀಂ ಕೋರ್ಟು, ಸಂವಿಧಾನದ ಸಮಾನತೆಯ ವಿಧಿ ಈ ಸಂಪ್ರದಾಯಕ್ಕಿಂತ ಮೇಲೆಂದು ತೀರ್ಪು ಕೊಟ್ಟು ಹೆಂಗಸರನ್ನು ಬಯಲಿಗೆ ಕರೆತಂದಿತು. ಅಪೆನ್‌ಜೆಲ್ ಸಂಸ್ಕೃತಿ ಅದರಿಂದ ಅಳಿದಿಲ್ಲ. ಸಭೆ ಇಂದಿಗೂ ನಡೆಯುತ್ತದೆ, ಗಂಡಸರು ಕತ್ತಿ ತರುತ್ತಾರೆ, ಹೆಂಗಸರು ಮತದಾರರ ಚೀಟಿ ತರುತ್ತಾರೆ. ಬೇಡವೆಂದ ಆ ಮತದಾನದಲ್ಲಿ ಹೆಂಗಸರು ಕೈ ಎತ್ತುವಂತಿರಲಿಲ್ಲ ಎಂಬುದೇ ಇಲ್ಲಿ ಮುಖ್ಯ. ಪದ್ಧತಿಯಿಂದ ಹೊರಗುಳಿದವರ ಅಭಿಪ್ರಾಯವನ್ನು ಪದ್ಧತಿಯೊಳಗಿನ ಮತದಾನದಿಂದ ಅಳೆಯಲು ಬರುವುದಿಲ್ಲ.

ಯುರೋಪಿನ ಸಂಸ್ಕೃತಿಯೂ ತನ್ನನ್ನು ತಾನು ಸಾರ್ವತ್ರಿಕವೆಂದು ಕರೆದುಕೊಂಡು ಎಡವುತ್ತದೆ. ಫ್ರಾನ್ಸ್ 2010ರಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಪೂರ್ತಿ ಮುಖ ಮುಚ್ಚುವ ಉಡುಪನ್ನು ನಿಷೇಧಿಸಿತು. 2014ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, 'ಒಟ್ಟಿಗೆ ಬಾಳುವುದು' ಎಂಬ ಫ್ರೆಂಚ್ ಸಮಾಜದ ಆದರ್ಶವನ್ನು ಮಾನ್ಯಮಾಡಿ ಆ ಕಾನೂನನ್ನು ಎತ್ತಿಹಿಡಿಯಿತು. 2018ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಅದೇ ಕಾನೂನನ್ನು ಪರಿಶೀಲಿಸಿ, ಅದು ಇಬ್ಬರು ಮಹಿಳೆಯರ ಧಾರ್ಮಿಕ ಸ್ವಾತಂತ್ರ್ಯವನ್ನು ಉಲ್ಲಂಘಿಸಿದೆ ಎಂದಿತು. ಎರಡೂ ಸಂಸ್ಥೆಗಳು ಹೆಚ್ಚುಕಡಿಮೆ ಒಂದೇ ಹಕ್ಕಿನ ಒಂದೇ ಬಗೆಯ ಮಾತುಗಳನ್ನು ಓದುತ್ತಿದ್ದವು. ನನ್ನ ಅಭಿಪ್ರಾಯದಲ್ಲಿ ಇಲ್ಲಿ ಸಮಿತಿಯ ಓದು ಸರಿ. ಬಹುಸಂಖ್ಯಾತರಿಗೆ ಮುಖ ಕಾಣಿಸಬೇಕೆಂಬ ಬಯಕೆಯನ್ನು ಇನ್ನೊಬ್ಬರ ಮೇಲಿನ ಕಾನೂನುಬದ್ಧ ಕರ್ತವ್ಯವನ್ನಾಗಿ ಮಾಡುವುದು, ಬಹುಸಂಖ್ಯಾತರ ಸಂಸ್ಕೃತಿಗೆ ತತ್ವದ ಅಂಗಿ ತೊಡಿಸಿದಂತೆ.

ಇನ್ನು ಎಲ್ಲಕ್ಕಿಂತ ಸಿಕ್ಕಾದ ಪ್ರಸಂಗ. ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಟೋಬಿಕ್ ಎಂಬಲ್ಲಿ ಮಾಲಿಸೀಟ್ ಮೂಲನಿವಾಸಿ ಸಮುದಾಯದ ಮೀಸಲು ಪ್ರದೇಶವಿದೆ. ಅಲ್ಲಿ ಹುಟ್ಟಿ ಬೆಳೆದ ಸಾಂಡ್ರಾ ಲವ್‌ಲೇಸ್ 1970ರಲ್ಲಿ ಸಮುದಾಯದ ಹೊರಗಿನವರನ್ನು ಮದುವೆಯಾದರು. ಕೆನಡಾದ ಇಂಡಿಯನ್ ಕಾಯ್ದೆಯ ಪ್ರಕಾರ, ಹೊರಗಿನವನನ್ನು ಮದುವೆಯಾದ ಮೂಲನಿವಾಸಿ ಹೆಣ್ಣು ತನ್ನ ಸ್ಥಾನಮಾನವನ್ನೇ ಕಳೆದುಕೊಳ್ಳುತ್ತಿದ್ದಳು. ಹೊರಗಿನವಳನ್ನು ಮದುವೆಯಾದ ಗಂಡು ಏನನ್ನೂ ಕಳೆದುಕೊಳ್ಳುತ್ತಿರಲಿಲ್ಲ. ಮದುವೆ ಮುರಿದು ಮಕ್ಕಳೊಂದಿಗೆ ಊರಿಗೆ ಮರಳಿದಾಗ, ಹುಟ್ಟಿದ ನೆಲದಲ್ಲಿ ವಾಸಿಸುವ ಕಾನೂನುಬದ್ಧ ಹಕ್ಕು ಅವರಿಗಿರಲಿಲ್ಲ. ಟೋಬಿಕ್‌ನ ಹೆಂಗಸರು 1979ರಲ್ಲಿ ಮಕ್ಕಳನ್ನು ಕಟ್ಟಿಕೊಂಡು ರಾಜಧಾನಿ ಆಟವಾಕ್ಕೆ ಸುಮಾರು 100 ಮೈಲಿ ಕಾಲ್ನಡಿಗೆಯಲ್ಲಿ ಹೋದರು. ಲವ್‌ಲೇಸ್ 1977ರ ಕೊನೆಯಲ್ಲೇ ವಿಶ್ವಸಂಸ್ಥೆಯ ಸಮಿತಿಗೆ ದೂರು ಸಲ್ಲಿಸಿದ್ದರು. 1981ರಲ್ಲಿ ಬಂದ ನಿರ್ಣಯ ಕೆನಡಾದ ತಪ್ಪನ್ನು ಎತ್ತಿತೋರಿಸಿತು, ಆದರೆ ಅದು ಹಿಡಿದ ದಾರಿ ಕುತೂಹಲಕರ. ಹಕ್ಕುಗಳಿಗೆ ಕಾನೂನಿನ ಬಲ ಕೊಟ್ಟ ವಿಶ್ವಸಂಸ್ಥೆಯ ಒಡಂಬಡಿಕೆಯ 27ನೇ ವಿಧಿಯು ಅಲ್ಪಸಂಖ್ಯಾತ ಸಮುದಾಯದವರಿಗೆ ತಮ್ಮವರ ಜೊತೆಗೂಡಿ ತಮ್ಮ ಸಂಸ್ಕೃತಿಯನ್ನು ಅನುಭವಿಸುವ ಹಕ್ಕನ್ನು ಕೊಡುತ್ತದೆ. ಅದು ಲವ್‌ಲೇಸ್‌ಗೆ ತಪ್ಪಿಹೋಗಿದೆ ಎಂದು ಸಮಿತಿ ಹೇಳಿತು. ಸಂಸ್ಕೃತಿಯಿಂದ ಬಿಡಿಸಿಕೊಳ್ಳಲು ಸಾರ್ವತ್ರಿಕ ಹಕ್ಕಿನ ಮೊರೆ ಹೋದ ಹೆಣ್ಣಿನ ಕಥೆಯಲ್ಲ ಇದು. ಸಂಸ್ಕೃತಿಯೊಳಗೆ ತನ್ನ ಪಾಲು ಕೇಳಿದವಳ ಕಥೆ.

ಇನ್ನೂ ಒಂದು ತಿರುವು ಇದೆ. ಸಮುದಾಯದ ಕೆಲವು ನಾಯಕರು ಹಳೆಯ ನಿಯಮವನ್ನು ತಮ್ಮ ಸಂಪ್ರದಾಯವೆಂಬಂತೆ ಸಮರ್ಥಿಸಿಕೊಂಡರು. ಆದರೆ ಅದು ಕಾನೂನಾಗಿ ಬಂದದ್ದು 1869ರಲ್ಲಿ, ಗಂಡಿನ ಮೂಲಕವೇ ಕುಟುಂಬವನ್ನು ಲೆಕ್ಕ ಹಾಕುತ್ತಿದ್ದ ವಸಾಹತು ಆಡಳಿತ ಬರೆದ ಶಾಸನದಲ್ಲಿ. ಆಳಿದವರು ಹೇರಿದ್ದನ್ನು ಆಳಿಸಿಕೊಂಡವರು ನೂರು ವರ್ಷಗಳಲ್ಲಿ ಪರಂಪರೆಯೆಂದು ನಂಬುವಂತಾಗಿತ್ತು. ಅಮೆರಿಕದ ಸಾಂಟಾ ಕ್ಲಾರಾ ಪ್ವೆಬ್ಲೊ ಎಂಬ ಮೂಲನಿವಾಸಿ ಸಮುದಾಯದಲ್ಲೂ ಇಂಥದೇ ಪ್ರಕರಣ ನಡೆದು, ಹೊರಗಿನವರನ್ನು ಮದುವೆಯಾದ ಜೂಲಿಯಾ ಮಾರ್ಟಿನೆಜ್ ಅವರ ಮಕ್ಕಳಿಗೆ ಸದಸ್ಯತ್ವ ನಿರಾಕರಿಸಲಾಗಿತ್ತು. 1978ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಸಮುದಾಯದ ಸ್ವಾಯತ್ತೆಯಲ್ಲಿ ಕೈಹಾಕಲು ನಿರಾಕರಿಸಿತು. ಆ ತೀರ್ಪು ಬರೆದವರು, ಜನಾಂಗೀಯ ಪ್ರತ್ಯೇಕತೆಯ ವಿರುದ್ಧ ಜೀವಮಾನವಿಡೀ ಹೋರಾಡಿದ್ದ ಥರ್ಗುಡ್ ಮಾರ್ಷಲ್. ಅಲ್ಲಿ ಪ್ರಶ್ನೆಯಲ್ಲಿದ್ದ ನಿಯಮ ರೂಪುಗೊಂಡದ್ದು 1939ರಲ್ಲಿ. ಅಂದರೆ ಮಾರ್ಟಿನೆಜ್ ಅವರ ವಯಸ್ಸಿಗಿಂತ ಆ 'ಪರಂಪರೆ'ಯ ವಯಸ್ಸು ಕಡಿಮೆ. ಹಾಗೆಂದು ಮಾರ್ಷಲ್ ಅವರ ತೀರ್ಪನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ನೆಲ ಕಳೆದುಕೊಂಡು, ಭಾಷೆ ಕಳೆದುಕೊಂಡು ಅಳಿವಿನ ಅಂಚಿಗೆ ತಳ್ಳಲ್ಪಟ್ಟ ಸಮುದಾಯಕ್ಕೆ ತನ್ನವರು ಯಾರೆಂದು ನಿರ್ಧರಿಸುವ ಅಧಿಕಾರವಷ್ಟೇ ಉಳಿದಿರುವಾಗ, ಅದನ್ನೂ ಅದೇ ಸರ್ಕಾರದ ಕೋರ್ಟು ಕಿತ್ತುಕೊಳ್ಳಬೇಕೇ? ನಿಯಮ ತಪ್ಪಾಗಿತ್ತು ಎಂದು ನಾನು ನಂಬುತ್ತೇನೆ. ಅದನ್ನು ತಿದ್ದಲು ವಾಷಿಂಗ್ಟನ್ ಸೂಕ್ತ ಸ್ಥಳವಾಗಿತ್ತೇ ಎಂಬುದರಲ್ಲಿ ಅಷ್ಟು ದೃಢತೆ ನನಗಿಲ್ಲ. ಮೊದಲನೆಯ ಮತ್ತು ಮೂರನೆಯ ಪ್ರಶ್ನೆಗಳನ್ನು ಬೇರೆ ಬೇರೆ ಇಡಬೇಕೆಂದು ಆರಂಭದಲ್ಲಿ ಹೇಳಿದ್ದು ಇದಕ್ಕಾಗಿಯೇ.

ಮೂರನೆಯ ಪ್ರಶ್ನೆಗೆ ಬಲಿಷ್ಠ ದೇಶಗಳು ಕೊಟ್ಟಿರುವ ಉತ್ತರಗಳಂತೂ ಹಕ್ಕುಗಳ ಹೆಸರನ್ನೇ ಕೆಡಿಸಿವೆ. ಮಹಿಳೆಯರ ವಿರುದ್ಧದ ತಾರತಮ್ಯ ನಿವಾರಣೆಯ 1979ರ ಒಪ್ಪಂದವನ್ನಾಗಲಿ, ಮಕ್ಕಳ ಹಕ್ಕುಗಳ 1989ರ ಒಪ್ಪಂದವನ್ನಾಗಲಿ ಅಮೆರಿಕ ಇಂದಿಗೂ ಅನುಮೋದಿಸಿಲ್ಲ; ಇತರರಿಗೆ ಅದು ಕೊಡುವ ಉಪದೇಶಕ್ಕೆ ಇದರಿಂದ ಅಡ್ಡಿಯೂ ಆಗಿಲ್ಲ. 1950ರ ದಶಕದಲ್ಲಿ ಯುರೋಪಿನ ಮಾನವ ಹಕ್ಕುಗಳ ಒಪ್ಪಂದಕ್ಕೆ ಸಹಿ ಹಾಕಿದ್ದ ಬ್ರಿಟನ್ ಅದೇ ದಶಕದಲ್ಲಿ ಕೆನ್ಯಾದ ಬಂಧನ ಶಿಬಿರಗಳಲ್ಲಿ ಜನರನ್ನು ಹಿಂಸಿಸಿತು. ಆ ಶಿಬಿರಗಳಿಂದ ಬದುಕುಳಿದವರು ಮುಪ್ಪಿನಲ್ಲಿ ಲಂಡನ್ನಿನ ಕೋರ್ಟಿಗೆ ಹೋಗಿ ದಾವೆ ಹೂಡಿದರು. 2013ರಲ್ಲಿ ಬ್ರಿಟಿಷ್ ಸರ್ಕಾರ ವಿಷಾದ ವ್ಯಕ್ತಪಡಿಸಿ, 5,228 ಮಂದಿಗೆ ಒಟ್ಟು 1.99 ಕೋಟಿ ಪೌಂಡ್ ಕೊಡಲು ಒಪ್ಪಿತು. ಈ ಇತಿಹಾಸವನ್ನು ಹಕ್ಕುಗಳು ಸುಳ್ಳೆಂಬುದಕ್ಕೆ ಸಾಕ್ಷಿಯಾಗಿ ಓದುವವರಿದ್ದಾರೆ. ಆದರೆ ಆ ವೃದ್ಧರು ಕೆನ್ಯಾದ ಮೌಲ್ಯ ಬೇರೆ, ಬ್ರಿಟನ್ನಿನ ಮೌಲ್ಯ ಬೇರೆ ಎಂದು ವಾದಿಸಲು ಹೋಗಿರಲಿಲ್ಲ. ನಿಮಗೆ ಯಾವುದು ಹಿಂಸೆಯೋ ನಮಗೂ ಅದು ಹಿಂಸೆಯೇ ಎಂದು ಹೇಳಲು ಹೋಗಿದ್ದರು.

ಹಾಗಾದರೆ ತಪ್ಪೆಂದು ಗೊತ್ತಿರುವ ಪದ್ಧತಿ ಬದಲಾಗುವುದು ಹೇಗೆ? ಗ್ಯಾಂಬಿಯಾವನ್ನು ಮೂರು ಕಡೆಯಿಂದ ಸುತ್ತುವರಿದಿರುವ ಸೆನೆಗಲ್ ಇದಕ್ಕೆ ಸಮೀಪದ ಉದಾಹರಣೆ. 1997ರ ಜುಲೈ 31ರಂದು ಅಲ್ಲಿನ ಮಾಲಿಕೂಂಡಾ ಬಂಬಾರಾ ಎಂಬ ಹಳ್ಳಿಯ ಹೆಂಗಸರು, ತಮ್ಮ ಹೆಣ್ಣುಮಕ್ಕಳಿಗೆ ಇನ್ನು ಛೇದನ ಮಾಡಿಸುವುದಿಲ್ಲವೆಂದು ಪತ್ರಕರ್ತರ ಎದುರು ಪ್ರಕಟಿಸಿದರು. ಟೊಸ್ಟಾನ್ ಎಂಬ ಸಂಸ್ಥೆ ಸ್ಥಳೀಯ ಭಾಷೆಯಲ್ಲಿ ನಡೆಸುತ್ತಿದ್ದ ತರಗತಿಗಳಲ್ಲಿ ಆರೋಗ್ಯ ಮತ್ತು ಮಾನವ ಹಕ್ಕುಗಳ ವಿಷಯ ಕಲಿತವರು ಅವರು. ಸುತ್ತಲಿನ ಊರುಗಳವರು ಅವರನ್ನು ಹೀಗಳೆದರು. ಆಗ ಕೆರ್ ಸಿಂಬಾರಾ ಎಂಬ ಇನ್ನೊಂದು ಹಳ್ಳಿಯ ಇಮಾಮ್ ದೆಂಬಾ ಜಾವಾರಾ ಹೇಳಿದ ಮಾತು ಇಡೀ ಚಳವಳಿಯ ದಿಕ್ಕನ್ನು ಬದಲಿಸಿತು. ಒಂದು ಹಳ್ಳಿ ತಾನೊಂದೇ ಬಿಡಲಾರದು, ಏಕೆಂದರೆ ಹೆಣ್ಣು ಕೊಟ್ಟು ತರುವ ಸಂಬಂಧ ಇರುವುದು ಸುತ್ತಲಿನ ಹಳ್ಳಿಗಳಲ್ಲಿ. ಛೇದನವಾಗದ ಹುಡುಗಿಯನ್ನು ಅವರು ಸೊಸೆಯಾಗಿ ಒಪ್ಪದಿದ್ದರೆ ಅವಳ ಗತಿಯೇನು? ಆದ್ದರಿಂದ ಬಿಡುವುದಾದರೆ ನಂಟಿರುವ ಹಳ್ಳಿಗಳೆಲ್ಲ ಒಟ್ಟಿಗೆ ಬಿಡಬೇಕು. ಅವರು ಹಳ್ಳಿಯಿಂದ ಹಳ್ಳಿಗೆ ನಡೆದು ತಮ್ಮ ಬಂಧುಗಳೊಡನೆ ಮಾತನಾಡಿದರು. 1998ರ ಫೆಬ್ರವರಿಯಲ್ಲಿ ಜಾಬುಗು ಎಂಬಲ್ಲಿ 13 ಹಳ್ಳಿಗಳ ಪ್ರತಿನಿಧಿಗಳು ಸೇರಿ ಸಾರ್ವಜನಿಕವಾಗಿ ಪ್ರತಿಜ್ಞೆ ಮಾಡಿದರು. ದೇಶದ ನಿಷೇಧ ಕಾನೂನು ಬಂದದ್ದು ಅದರ ಮರುವರ್ಷ.

ಈ ಕಥೆಯಲ್ಲಿ ತಾಯಂದಿರನ್ನು ಕ್ರೂರಿಗಳೆಂದು ಯಾರೂ ಕರೆಯಲಿಲ್ಲ. ಮಗಳಿಗೆ ನೋವಾಗುತ್ತದೆಂದು ತಿಳಿದೂ ಛೇದನ ಮಾಡಿಸುವ ತಾಯಿ, ಮಗಳ ಬಾಳಿನ ಲೆಕ್ಕ ಹಾಕಿಯೇ ಹಾಗೆ ಮಾಡುತ್ತಾಳೆ. ಅವಳೊಬ್ಬಳ ಮನಸ್ಸು ಬದಲಾದರೆ ಆ ಲೆಕ್ಕ ಬದಲಾಗುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಚೀನಾದಲ್ಲಿ ಹೆಣ್ಣುಮಕ್ಕಳ ಪಾದ ಕಟ್ಟುವ ಪದ್ಧತಿ ಕುಸಿಯತೊಡಗಿದ್ದೂ ಹೀಗೆಯೇ. ಮಗಳ ಪಾದ ಕಟ್ಟುವುದಿಲ್ಲ, ಪಾದ ಕಟ್ಟಿದ ಹುಡುಗಿಯನ್ನು ಮಗನಿಗೆ ತರುವುದಿಲ್ಲ ಎಂದು ತಂದೆತಾಯಂದಿರು ಸಂಘ ಕಟ್ಟಿ ಮಾತು ಕೊಟ್ಟರು; ಮಾತಿನ ಎರಡನೆಯ ಭಾಗವಿಲ್ಲದೆ ಮೊದಲನೆಯದು ನಿಲ್ಲುತ್ತಿರಲಿಲ್ಲ. ಸಾರ್ವತ್ರಿಕ ಹಕ್ಕು ಇಂಥ ಕಡೆ ಹೊರಗಿನ ತೀರ್ಪಿನಂತೆ ಕೆಲಸ ಮಾಡುವುದಿಲ್ಲ. ಇದು ಹೀಗೇ ಇರಬೇಕಾಗಿಲ್ಲ ಎಂದು ಒಳಗಿನವರು ತಮ್ಮತಮ್ಮಲ್ಲಿ ಮಾತನಾಡಿಕೊಳ್ಳಲು ಬೇಕಾದ ಪದಗಳನ್ನು ಅದು ಒದಗಿಸುತ್ತದೆ. ಹಾಗೆ ಮಾತನಾಡಿದವರಿಗೆ ಪೆಟ್ಟು ಬೀಳದಂತೆ ನೋಡಿಕೊಳ್ಳುವ ಹೊಣೆಯನ್ನು ರಾಜ್ಯದ ಮೇಲೆ ಹೊರಿಸುತ್ತದೆ.

ಇಲ್ಲಿಯೂ ಎಲ್ಲವೂ ಬಗೆಹರಿಯುವುದಿಲ್ಲ. ವಯಸ್ಕರೊಬ್ಬರು ಹೊರಗಿನವರಿಗೆ ಅರ್ಥವಾಗದ ಕಟ್ಟುಪಾಡನ್ನು ತಾವಾಗಿ ಒಪ್ಪಿ ನಡೆದರೆ ಅದನ್ನು ಗೌರವಿಸಬೇಕು ಎಂಬುದು ಸುಲಭದ ಮಾತು. ಆದರೆ ಒಪ್ಪದಿದ್ದರೆ ಮನೆ, ಬಂಧುಬಳಗ, ಜೀವನೋಪಾಯ ಎಲ್ಲವೂ ಹೋಗುತ್ತದೆ ಎಂದಾದಾಗ ಆ ಒಪ್ಪಿಗೆಗೆ ಎಷ್ಟು ತೂಕ? ಇಷ್ಟವಿಲ್ಲದವರು ಸಮುದಾಯ ಬಿಟ್ಟು ಹೋಗಬಹುದಲ್ಲ ಎಂದು ಉದಾರವಾದಿಗಳು ಹೇಳುವಾಗ, ಹೋಗುವುದು ಎಲ್ಲಿಗೆ ಎಂಬುದನ್ನು ಹೇಳುವುದಿಲ್ಲ. ಲವ್‌ಲೇಸ್‌ಗೆ ಬೇಕಾಗಿದ್ದದ್ದು ಹೋಗುವ ಹಕ್ಕಾಗಿರಲಿಲ್ಲ, ಮರಳಿ ಬರುವ ಹಕ್ಕು. ಕೆನಡಾ 1985ರಲ್ಲಿ ಕಾಯ್ದೆಯನ್ನು ತಿದ್ದಿತಾದರೂ, ಅಂಥ ಹೆಂಗಸರ ಮೊಮ್ಮಕ್ಕಳ ವಿಷಯದಲ್ಲಿ ತಾರತಮ್ಯದ ಎಳೆಗಳು ಉಳಿದುಕೊಂಡು, ಅವುಗಳನ್ನು ತೆಗೆಯಲು ತಂದ ಇನ್ನೊಂದು ತಿದ್ದುಪಡಿ ಪೂರ್ತಿ ಜಾರಿಗೆ ಬಂದದ್ದು 2019ರಲ್ಲಿ. ಅಷ್ಟರಲ್ಲಿ ಲವ್‌ಲೇಸ್ ಅದೇ ದೇಶದ ಸೆನೆಟ್ ಸದಸ್ಯೆಯಾಗಿ ಹದಿನಾಲ್ಕು ವರ್ಷ ಕಳೆದಿತ್ತು.

ಮಕ್ಕಳ ವಿಷಯದಲ್ಲಿ ಒಪ್ಪಿಗೆಯ ಮಾತೇ ಬರುವುದಿಲ್ಲ. ಮಗುವಿಗೆ ಭಾಷೆ, ಹೆಸರು, ದೇವರು, ಹಾಡು ಎಲ್ಲವನ್ನೂ ಕೇಳದೆಯೇ ಕೊಡುತ್ತೇವೆ. ಕೊಡದಿದ್ದರೆ ಅದೊಂದು ವಂಚನೆ. ಇವೆಲ್ಲವನ್ನೂ ಬೆಳೆದ ಮೇಲೆ ಆ ಮಗು ಇಟ್ಟುಕೊಳ್ಳಬಹುದು, ಬದಲಾಯಿಸಬಹುದು, ಬಿಡಬಹುದು. ಕತ್ತರಿಸಿದ್ದನ್ನು ಮರಳಿ ಪಡೆಯಲು ಬರುವುದಿಲ್ಲ. ಗ್ಯಾಂಬಿಯಾದ ಸದನ ಆ ದಿನ ನಿಷೇಧವನ್ನು ಉಳಿಸಿಕೊಂಡಿತು ನಿಜ. ಆದರೆ ಅಲ್ಲಿ ಆ ಕಾನೂನು ಹುಟ್ಟಿದ್ದು ಹಳ್ಳಿಗಳ ಪ್ರತಿಜ್ಞೆಯಿಂದಲ್ಲ; 2015ರಲ್ಲಿ ಯಾಹ್ಯಾ ಜಮ್ಮೆ ಎಂಬ ಸರ್ವಾಧಿಕಾರಿ ಒಂದು ದಿನ ಇದ್ದಕ್ಕಿದ್ದಂತೆ ಮಾಡಿದ ಪ್ರಕಟಣೆಯಿಂದ. ಅವನು 2017ರಲ್ಲಿ ದೇಶ ಬಿಟ್ಟು ಹೋದ. ಅವನು ಬಿಟ್ಟುಹೋದ ಒಳ್ಳೆಯ ಕಾನೂನೊಂದನ್ನು ತಮ್ಮದನ್ನಾಗಿ ಮಾಡಿಕೊಳ್ಳುವ ಕೆಲಸ, ದೆಂಬಾ ಜಾವಾರಾ ನಡೆದಂಥ ನಡಿಗೆಯ ಕೆಲಸ, ಅಲ್ಲಿನ ಹಲವು ಹಳ್ಳಿಗಳಲ್ಲಿ ಇನ್ನೂ ಬಾಕಿಯಿದೆ.